ಸೋಮವಾರದ ಮಾದರಿಗಳು

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಸುಳ್ಳು ಸಾಮಾನು ಮಾಡುವುದು ಎನ್ನುತ್ತೇನೆ. ಬ್ರಹ್ಮಾವರದ ಹತ್ತಿರದ ಒಂದು ಪ್ಲಾಸ್ಟಿಕ್ ಕಾರ್ಖಾನೆಯ ಮಾದರಿ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಮೀನು ತುಂಬುವ ಕ್ರೇಟು, ಐಸ್ ಪೆಟ್ಟಿಗೆ, ಬಲೆಗೆ ಕಟ್ಟುವ ತೇಲುಗುಂಡು, ಹೀಗೆ ಕಡಲಿನವರಿಗೆ ಬೇಕಾದದ್ದು ಅಲ್ಲಿ ತಯಾರಾಗುತ್ತದೆ. ಉಕ್ಕಿನ ಅಚ್ಚು ಕೊರೆಸಿದ ಮೇಲೆ ತಪ್ಪು ಕಂಡರೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ಅದಕ್ಕೇ ಅಚ್ಚಿಗೆ ಮೊದಲು ಅದೇ ಸಾಮಾನನ್ನು ರಟ್ಟಿನಲ್ಲಿ, ಥರ್ಮಾಕೋಲಿನಲ್ಲಿ, ಮಣ್ಣಿನಲ್ಲಿ, ಮರದಲ್ಲಿ ಮಾಡಿ, ಬಳಸುವವರ ಕೈಗೆ ಕೊಟ್ಟು ನೋಡುತ್ತೇವೆ. ಹಾಗೆ ಮಾಡಿದ್ದರಲ್ಲಿ ಹತ್ತಕ್ಕೆ ಒಂಬತ್ತು ಮೂಲೆಗೆ ಹೋಗುತ್ತವೆ. ಮೂಲೆಗೆ ಹೋಗುವುದಕ್ಕಾಗಿಯೇ ಅವು ಹುಟ್ಟುವುದು, ಅದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ.

ನನಗೆ ಕೆಲಸ ಕಲಿಸಿದವರು ಅಲ್ಲಿಯ ಮೇಸ್ತ್ರಿ. ಮೊದಲು ಮರದ ದೋಣಿ ಕಟ್ಟುತ್ತಿದ್ದವರು. ಫೈಬರ್ ದೋಣಿ ಬಂದ ಮೇಲೆ ಉಳಿ, ಸುತ್ತಿಗೆ ಹಿಡಿದುಕೊಂಡು ಇಲ್ಲಿಗೆ ಬಂದರು. ಪುಸ್ತಕ ಓದಿದವರಲ್ಲ, ಆದರೆ ನಾನು ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿತದ್ದನ್ನು ಮೂರು ಮಾತಿನಲ್ಲಿ ಹೇಳಿ ಮುಗಿಸಿದ್ದರು. "ಒಂದ್ ಮಾದ್ರಿಗೆ ಒಂದೇ ಪ್ರಶ್ನೆ ಕೇಳ್ಕ್" ಎನ್ನುವುದು ಮೊದಲನೆಯದು. ರಟ್ಟಿನ ಮಾದರಿ ಗಾತ್ರ ಸರಿಯೇ ಎಂದು ಕೇಳುವುದಕ್ಕೆ, ಮಣ್ಣಿನದು ಆಕಾರಕ್ಕೆ, ಮರದ್ದು ತೂಕಕ್ಕೆ ಮತ್ತು ಹಿಡಿತಕ್ಕೆ. ಒಂದರಲ್ಲೇ ಎಲ್ಲವನ್ನೂ ಕೇಳಲು ಹೋದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ. ಎರಡನೆಯದು, ಯಾವ ಸಾಮಾನನ್ನು ಯಾವುದಕ್ಕೆ ಬಳಸುತ್ತಾರೋ ಅದಕ್ಕೇ ಬಳಸಿ ನೋಡಬೇಕು. ಮೂರನೆಯದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

"ಒಳ್ಳೇದಿತ್ತಾ ಅಂದೇಳಿ ಕೇಂಬುಕೆ ಹೋಗ್ಬೇಡ. ಕೇಂಡ್ರೆ ಒಳ್ಳೇದಿತ್ತ್ ಅಂದೇ ಅಂಬ್ರ್. ಕೈ ಕಾಣ್, ಬಾಯಿ ಕಾಣ್ಬೇಡ."

ಅದು ನಿಜ. ಒಮ್ಮೆ ಕ್ರೇಟಿನ ಹಿಡಿಕೆಗೆ ತೂತು ಎಷ್ಟು ದೊಡ್ಡದಿರಬೇಕು ಎಂದು ಬಂದರಿನಲ್ಲಿ ಮಾದರಿ ಕೊಟ್ಟು ಕೇಳಿದ್ದೆವು. ಹೊರುವವರೆಲ್ಲ ಎತ್ತಿ ನೋಡಿ ಒಳ್ಳೆಯದಿದೆ ಅಂದರು. ಅಚ್ಚು ಕೊರೆಸಿ, ಕ್ರೇಟು ಹೊರಬಿದ್ದು ಹದಿನೈದು ದಿನಕ್ಕೆ ಹಿಡಿಕೆಗಳೆಲ್ಲ ಹರಿದು ಬಂದವು. ಹೋಗಿ ನೋಡಿದರೆ ಅವರು ಕ್ರೇಟನ್ನು ಎತ್ತುವುದೇ ಇಲ್ಲ, ಕಬ್ಬಿಣದ ಕೊಕ್ಕೆ ಹಾಕಿ ಎಳೆಯುತ್ತಾರೆ. ನಾವು ಕೇಳಿದ ದಿನ ಮಾತ್ರ, ಮೇಡಮ್ಮು ಬಂದಿದ್ದಾಳೆ ಎಂದು, ಕೈಯಲ್ಲಿ ಎತ್ತಿ ತೋರಿಸಿದ್ದರು. ಆವತ್ತು ನಾನು ಅವರ ಮೇಲೆ ಸಿಟ್ಟಾಗಿದ್ದೆ. ಮರ್ಯಾದೆಗೆ ಹೇಳುವ ಸುಳ್ಳಿನಷ್ಟು ನಷ್ಟದ್ದು ಇನ್ನೊಂದಿಲ್ಲ ಎಂದು ಊಟಕ್ಕೆ ಕುಳಿತಾಗ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದೆ.

ಇಷ್ಟನ್ನೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ನನಗೆ ಗೊತ್ತಿರಲಿಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಎಲ್ಲ ಗೊತ್ತಿತ್ತು.

ನನ್ನ ಅಮ್ಮ ಬೈಂದೂರಿನ ಕಡೆಯವಳು, ಮೀನು ಮಾರುವವಳು. ಅಣ್ಣ, ಅತ್ತಿಗೆಯ ಜೊತೆ ಕಡಲ ಬದಿಯ ಮನೆಯಲ್ಲಿದ್ದಾಳೆ. ಪೇಟೆಯ ಮೀನು ಮಾರುಕಟ್ಟೆಯ ಕಟ್ಟೆಯ ಮೇಲೆ ಅವಳಿಗೊಂದು ಜಾಗ ಇತ್ತು. ಅಗಲ ಎರಡೂವರೆ ಮೊಳ. ಅವಳಿಗೆ ಮೊದಲು ಅಲ್ಲಿ ನನ್ನ ಅಜ್ಜಿ ಕೂರುತ್ತಿದ್ದಳು. ಬೆಳಿಗ್ಗೆ ಬಂದರಿನಿಂದ ಮೀನು ತಂದು, ಮೆಟ್ಟುಕತ್ತಿಯ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ನೆಟ್ಟಗೆ ನಿಂತ ಅಲಗಿಗೆ ಮೀನನ್ನು ಎರಡು ಕೈಯಲ್ಲಿ ಕೊಟ್ಟು ಕೊಯ್ಯುವುದು ಅಮ್ಮನ ನಲವತ್ತು ವರ್ಷದ ಕೆಲಸ. ಮಾತಾಡುತ್ತಲೇ ಕೊಯ್ಯುತ್ತಿದ್ದಳು, ಅಲಗಿನ ಕಡೆ ನೋಡುತ್ತಲೇ ಇರಲಿಲ್ಲ. ನಾನು ಬ್ರಹ್ಮಾವರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಒಬ್ಬಳೇ ಇದ್ದೆ. ಒಂದೂವರೆ ಗಂಟೆಯ ಬಸ್ಸು. ಆದರೂ ಮನೆಗೆ ಹೋಗುತ್ತಿದ್ದದ್ದು ಚೌತಿಗೆ, ದೀಪಾವಳಿಗೆ, ಮತ್ತೆ ಯಾರದ್ದಾದರೂ ಮದುವೆ ಇದ್ದರೆ. ಜಗಳವೇನೂ ಇರಲಿಲ್ಲ. ಹೋಗುತ್ತಿರಲಿಲ್ಲ, ಅಷ್ಟೆ.

ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದ ವಾರವೇ ಅಮ್ಮನಿಗೆ ಸಣ್ಣದಾಗಿ ಸ್ಟ್ರೋಕ್ ಆಯಿತು. ಬಾಯಿ ಸೊಟ್ಟಗಾದದ್ದು ನಾಲ್ಕು ದಿನದಲ್ಲಿ ಸರಿಯಾಯಿತು, ಕಾಲೂ ಸರಿಯಾಯಿತು. ಬಲಗೈ ಮಾತ್ರ ಉಳಿಯಿತು. ಕೈ ಏಳುತ್ತಿತ್ತು, ಬೆರಳು ಮಡಚುತ್ತಿತ್ತು, ಆದರೆ ಹಿಡಿತ ಸಾಲದು. ಅದಕ್ಕಿಂತ ಹೆಚ್ಚಾಗಿ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ಬಿಸಿ ಚಹಾದ ಲೋಟ ಹಿಡಿದರೂ ಅಷ್ಟೆ, ಐಸಿನ ತುಂಡು ಹಿಡಿದರೂ ಅಷ್ಟೆ. ಕೈಯಲ್ಲಿ ಏನಿದೆ ಎಂದು ತಿಳಿಯಲು ಅವಳು ಕೈಯನ್ನು ನೋಡಬೇಕಾಗಿತ್ತು. ಹಿಡಿತ ಸ್ವಲ್ಪ ಮರಳಬಹುದು, ಸ್ಪರ್ಶದ ಬಗ್ಗೆ ಹೇಳಲಾಗದು ಎಂದರು ಕುಂದಾಪುರದ ಡಾಕ್ಟರು.

ಮೀನು ಮಾರಲು ಬಾಯಿ ಸಾಕು, ನಿಜ. ಆದರೆ ಈಗ ಇಡೀ ಮೀನು ಕೊಂಡು ಮನೆಗೆ ಹೋಗುವವರು ಯಾರಿದ್ದಾರೆ? ಎಲ್ಲರಿಗೂ ಕೊಯ್ದು, ತೊಳೆದು, ತುಂಡು ಮಾಡಿಯೇ ಕೊಡಬೇಕು. ಕೊಯ್ಯಲಾರದವಳ ಮುಂದೆ ಗಿರಾಕಿ ನಿಲ್ಲುವುದಿಲ್ಲ. ಅಮ್ಮನ ಪಕ್ಕದ ಜಾಗದಲ್ಲಿ ಕೂರುವ ಹೆಂಗಸು, ಅವಳ ಇಪ್ಪತ್ತು ವರ್ಷದ ಜೊತೆಗಾತಿ, ಅಮ್ಮನ ಬುಟ್ಟಿಯನ್ನು ಆ ಜಾಗದಲ್ಲಿ ಕವುಚಿ ಹಾಕಿದಳು. ಬುಟ್ಟಿ ಕವುಚಿದ ಜಾಗಕ್ಕೆ ಬೇರೆಯವರು ಬಂದು ಕೂರುವುದಿಲ್ಲ, ಅದು ಅವರವರಲ್ಲಿ ಇರುವ ಕಟ್ಟು. ಆದರೆ ಅದಕ್ಕೂ ಒಂದು ಅವಧಿ ಇರುತ್ತದೆ. ಮನೆಗೆ ಬಂದು ಅವಳೇ ಹೇಳಿ ಹೋದಳು.

"ದೀಪಾವಳಿ ತನ್ಕ ಯಾರೂ ಎಂತದೂ ಅಂಬುದಿಲ್ಲ ಅಕ್ಕ. ಅದ್ ಕಳ್ದ್ ಮೇಲೆ ನಾನ್ ಒಬ್ಳೇ ಎಷ್ಟ್ ಅಂದೇಳಿ ತಡಿಲಿ?"

ಅಮ್ಮ ತಲೆ ಆಡಿಸಿದಳು. ಅವಳು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮನೆಯಲ್ಲಿ ಅನ್ನಕ್ಕೆ ತೊಂದರೆ ಇರಲಿಲ್ಲ, ಅಣ್ಣ ದುಡಿಯುತ್ತಿದ್ದ. ಆದರೆ ಆ ಕಟ್ಟೆ ಇಲ್ಲದೆ ಅಮ್ಮ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು? ನಾಲ್ಕು ಗಂಟೆಗೆ ಏಳುವವಳು ಈಗಲೂ ನಾಲ್ಕಕ್ಕೇ ಎದ್ದು ಜಗಲಿಯಲ್ಲಿ ಸುಮ್ಮನೆ ಕೂರುತ್ತಾಳೆ ಎಂದು ಅತ್ತಿಗೆ ಹೇಳಿದಳು. ಆಗ ನಾನು ಅಂದೆ, ನಾನೊಂದು ಹಿಡಿ ಮಾಡಿಕೊಡುತ್ತೇನೆ ಎಂದು.

ಬಲಗೈಗೆ ತೊಡುವಂಥ ಒಂದು ಹಿಡಿ. ಒಳಬದಿ ಅವಳ ಅಂಗೈಗೆ ಸರಿಯಾಗಿ ಕೂರಬೇಕು, ಹೊರಬದಿಯಲ್ಲಿ ಮೊಂಡು ಹಲ್ಲುಗಳಿದ್ದು ಮೀನಿನ ಮೈಯನ್ನು ಹಿಡಿದುಕೊಳ್ಳಬೇಕು, ಕೈಯ ಹಿಂಬದಿಗೆ ಒಂದು ಪಟ್ಟಿ. ಬೆರಳು ಹಿಡಿಯದಿದ್ದರೂ ಮೊಣಕೈಯ ಬಲದಲ್ಲಿ ಮೀನನ್ನು ಅಲಗಿಗೆ ದೂಡಿದರೆ ಸಾಕು. ಊರಿಗೆಲ್ಲ ಸಾಮಾನು ಮಾಡಿಕೊಟ್ಟವಳು ಮನೆಗೊಂದು ಮಾಡದಿದ್ದರೆ ಹೇಗೆ? ನಮ್ಮ ಕಾರ್ಖಾನೆಗೆ ವಾರದ ರಜೆ ಸೋಮವಾರ. ದೀಪಾವಳಿಗೆ ಎಂಟು ಸೋಮವಾರಗಳಿದ್ದವು.

ಮೊದಲ ಸೋಮವಾರ ರಟ್ಟು ಮತ್ತು ಥರ್ಮಾಕೋಲಿನದ್ದು ಒಯ್ದೆ. ಉದ್ದ, ಅಗಲ, ಅಲಗಿನಿಂದ ಎಷ್ಟು ದೂರ ಇರಬೇಕು ಎಂದು ನೋಡುವುದಕ್ಕೆ. ಅಮ್ಮ ಅದನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದೆಂತ, ಮಕ್ಕಳ್ ಆಟದ್ದಾ?" ಅಂದಳು. ಎರಡನೆಯ ಸೋಮವಾರ ಆವೆಮಣ್ಣು ಒಯ್ದೆ. ಅಂಗೈಯ ಅಚ್ಚು ತೆಗೆಯಬೇಕಾಗಿತ್ತು. ಮಣ್ಣನ್ನು ಚೆನ್ನಾಗಿ ನಾದಿ, ಉಂಡೆ ಮಾಡಿ ಅವಳ ಮುಂದಿಟ್ಟು, ಒತ್ತು ಎಂದೆ. ಅವಳು ಒತ್ತಿದಳು. ಒತ್ತಿದ ಮೇಲೆ ಬಗ್ಗಿ ನೋಡಿದಳು.

"ಒಳ್ಗ್ ಹೋಯ್ತಾ?"

"ಹೋಯ್ತ್ ಅಮ್ಮ."

"ತಣ್ಣಗಿತ್ತಾ ಮಣ್ಣ್?"

"ತಣ್ಣಗಿತ್ತ್."

ಅವಳ ಕೈಯ ಮೇಲೆ ನನ್ನ ಕೈಯಿಟ್ಟು ಇನ್ನಷ್ಟು ಒತ್ತಿದೆ. ಅವಳಿಗೆ ಅದೂ ಗೊತ್ತಾಗಿರಲಾರದು. ನನಗೂ ಆಗ ಏನೂ ಅನ್ನಿಸಲಿಲ್ಲ, ಕಿರುಬೆರಳಿನ ಬುಡದಲ್ಲಿ ಮಣ್ಣು ಇನ್ನೂ ತುಂಬಿಲ್ಲ ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಕೈ ತೆಗೆದಾಗ ಅಚ್ಚು ಚೆನ್ನಾಗಿ ಬಂದಿತ್ತು. ಕತ್ತಿಯ ಹಳೆಯ ಗಾಯದ ಗೆರೆಗಳೂ ಅದರಲ್ಲಿ ಮೂಡಿದ್ದವು. ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ. ಸಾಸ್ತಾನದ ಟೋಲಿನ ಹತ್ತಿರ ಬಸ್ಸು ಗಕ್ಕನೆ ನಿಂತಾಗ ಮುಂದಿನ ಸೀಟಿಗೆ ತಾಗಿ ಒಂದು ಮೂಲೆ ಮುರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರನೆಯ ಸೋಮವಾರ ಮತ್ತೆ ಮಣ್ಣು ನಾದಿದೆ. ಅಮ್ಮ ಗೊಣಗದೆ ಮತ್ತೆ ಒತ್ತಿದಳು.

ಮಣ್ಣಿನಿಂದ ಪ್ಲಾಸ್ಟರಿಗೆ, ಪ್ಲಾಸ್ಟರಿನಿಂದ ಹಲಸಿನ ಮರಕ್ಕೆ. ಮರದ್ದನ್ನು ಒಯ್ದ ದಿನ ಮೊದಲ ಸಲ ಕೊಯ್ದು ನೋಡಿದೆವು. ತಪ್ಪು ಆದದ್ದು ಇಲ್ಲೇ.

ಸೋಮವಾರ ನಮ್ಮಲ್ಲಿ ಮೀನು ಒಳಗೆ ಬರುವುದಿಲ್ಲ. ವಾರದ ಆರು ದಿನ ಮೀನಿನಲ್ಲೇ ಕೈ ಅದ್ದಿರುವವರಿಗೂ ಸೋಮವಾರ ಸೋಮವಾರವೇ. ಅಮ್ಮ ಅಂದು ಮಾರುಕಟ್ಟೆಗೂ ಹೋಗುತ್ತಿರಲಿಲ್ಲ, ಬೆಳಿಗ್ಗೆ ತಲೆಗೆ ಮಿಂದು ದೇವರಿಗೆ ಹೂವಿಡುತ್ತಿದ್ದಳು. ಹಾಗಿರುವಾಗ ಮಾದರಿ ನೋಡುವುದಕ್ಕೆ ಎಂದು ಮೀನು ತರುವ ಯೋಚನೆ ನನಗೆ ಬರಲಿಲ್ಲ, ಅವಳಿಗೂ ಬರಲಿಲ್ಲ, ಮನೆಯಲ್ಲಿ ಯಾರಿಗೂ ಬರಲಿಲ್ಲ. ಅತ್ತಿಗೆ ಒಳಗಿನಿಂದ ಒಂದು ಮೊಗೆಕಾಯಿ ತಂದುಕೊಟ್ಟಳು, ಸಾಂಬಾರಿಗೆ ಹಾಕುವ ದಪ್ಪ ಸೌತೆ. ತೊಳೆದಿಟ್ಟ ಬೇರೆ ಕತ್ತಿ ಹಾಕಿಕೊಂಡು ಅಮ್ಮ ಅದನ್ನು ಕೊಯ್ದಳು. ಹಿಡಿ ಅಂಗೈಯಲ್ಲಿ ಅಲುಗಾಡದೆ ಕೂತಿತು. ಹೋಳುಗಳು ಒಂದೇ ಸಮ ಬಿದ್ದವು.

"ಹ್ಯಾಂಗಿತ್ತ್ ಅಮ್ಮ?" ಎಂದೆ. ಬಾಯಿ ನೋಡಬೇಡ ಎಂದು ಕಲಿತವಳು ಬಾಯಿಯನ್ನೇ ಕೇಳಿದೆ.

ಅವಳು ಸ್ವಲ್ಪ ಹೊತ್ತು ಹಿಡಿಯ ಒಳಬದಿಯನ್ನು ಎಡಗೈಯ ಹೆಬ್ಬೆರಳಿನಿಂದ ಸವರಿದಳು. "ಒಳ್ಳೇದಿತ್ತ್" ಅಂದಳು. "ಬಪ್ಪು ವಾರ ಎಂತ ತತ್ತೆ?"

ಮುಂದಿನ ವಾರ ಹಲ್ಲುಗಳ ಅಂತರ ಬದಲಿಸಿ ಒಯ್ದೆ. ಅದರ ಮುಂದಿನ ವಾರ ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಪ್ಲಾಸ್ಟಿಕ್ಕಿನದ್ದು. ಅವಳು ಪ್ರತಿ ಸಲವೂ ಏನಾದರೂ ಒಂದು ಸಣ್ಣ ಕೊರತೆ ಹೇಳುತ್ತಿದ್ದಳು. ಪಟ್ಟಿ ಉದ್ದ ಆಯಿತು, ಹೆಬ್ಬೆರಳಿನ ಹತ್ತಿರ ಒತ್ತುವ ಹಾಗೆ ಕಾಣುತ್ತದೆ, ಬಣ್ಣ ಬೇರೆ ಆಗಬಹುದಿತ್ತು. ಬಣ್ಣಕ್ಕೂ ಹಿಡಿತಕ್ಕೂ ಏನು ಸಂಬಂಧ ಎಂದು ರೇಗಿದರೂ ಮುಂದಿನ ಸೋಮವಾರ ನೀಲಿಯದ್ದು ಒಯ್ದೆ. ವಾರವಾರವೂ ಮೊಗೆಕಾಯಿ ಹುಳಿಯೇ ಊಟಕ್ಕೆ. ಅಣ್ಣ ಒಮ್ಮೆ, "ಈ ಹಿಡಿ ಮುಗಿಯುವಷ್ಟ್ರಲ್ಲಿ ನಂಗೆ ಮೊಗೆಬಳ್ಳಿ ಹುಟ್ಟತ್ತ್" ಅಂದ. ಎಲ್ಲರೂ ನಕ್ಕೆವು. ಒಮ್ಮೆ ನಾನು ಕೆಸುವಿನ ಗೆಡ್ಡೆ ಕೊಡು ಎಂದಿದ್ದಕ್ಕೆ, ತುರಿಸುತ್ತದೆ ಬೇಡ ಎಂದು ಅತ್ತಿಗೆ ತಡೆದಳು. ಕೆಸು ಕೊಯ್ದಿದ್ದರೂ ಅದರ ಲೋಳೆ ನಮಗೆ ಒಂದು ಮಾತು ಹೇಳುತ್ತಿತ್ತು.

ಕಾರ್ಖಾನೆಯಲ್ಲಿ ನೋಡಲಿಲ್ಲವೇ ಎಂದರೆ, ನೋಡಿದ್ದೆ. ಅಲ್ಲಿ ನನ್ನ ಹತ್ತಿರ ಥರ್ಮಾಕೋಲಿನ ಬಂಗುಡೆ ಇತ್ತು, ಒಳಗೆ ಮರಳು ತುಂಬಿದ ರಬ್ಬರಿನ ಅಂಜಲ್ ಇತ್ತು. ತೂಕ ಸರಿ, ಉದ್ದ ಸರಿ. ನಮ್ಮ ಕೋಣೆಯಲ್ಲಿ ಮೀನೂ ಮಾದರಿಯೇ.

ಎಂಟನೆಯ ಸೋಮವಾರ ಒಯ್ದದ್ದು ಕೊನೆಯದ್ದು. ಅದರ ಒಳಬದಿಯನ್ನು ನಾನು ನಾಲ್ಕು ತರದ ಮರಳು ಕಾಗದದಲ್ಲಿ ಉಜ್ಜಿ, ಕೊನೆಗೆ ನೀರು ಹಾಕಿ ಉಜ್ಜಿ ಕನ್ನಡಿಯ ಹಾಗೆ ಮಾಡಿದ್ದೆ. ಮುಟ್ಟಿದ್ದು ಗೊತ್ತಾಗದ ಕೈಗೆ ಒರಟು ತಾಗಿ ಹುಣ್ಣಾದರೆ ಎಂಬ ಹೆದರಿಕೆ ಒಂದು. ನನ್ನ ಕೆಲಸದ ಮೇಲಿನ ಜಂಬ ಇನ್ನೊಂದು. ದೀಪಾವಳಿ ಆ ವಾರವೇ ಇತ್ತು. ನಾನು ಮಂಗಳವಾರವೂ ರಜೆ ಹಾಕಿದ್ದೆ. ನಾಳೆ ಪೇಟೆಗೆ ಹೋಗುವ ಎಂದೆ. ಅಮ್ಮ, "ಇನ್ನೊಂದ್ ವಾರ ಕಾಂಬನ" ಅಂದಳು. ವಾರ ಇಲ್ಲವಲ್ಲ ಅಮ್ಮ, ದೀಪಾವಳಿ ಬಂತಲ್ಲ ಎಂದೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಪಕ್ಕದ ಹೆಂಗಸು ಬುಟ್ಟಿ ಎತ್ತಿ ಜಾಗ ಬಿಟ್ಟುಕೊಟ್ಟಳು. ಕಟ್ಟೆಯ ಹೆಂಗಸರೆಲ್ಲ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಮಗಳು ಮಾಡಿದ್ದಂತೆ, ಮಗಳು ಮಾಡಿದ್ದಂತೆ ಎಂಬ ಮಾತು ಆ ತುದಿಯಿಂದ ಈ ತುದಿಗೆ ಹೋಯಿತು. ಅಮ್ಮ ನೀಲಿ ಹಿಡಿ ತೊಟ್ಟು, ಪಟ್ಟಿ ಬಿಗಿದು, ಹಲಗೆಯ ಮೇಲೆ ಕಾಲಿಟ್ಟಳು. ಮೊದಲನೆಯ ಬಂಗುಡೆ ಚೆನ್ನಾಗಿ ಬಂತು. ಎರಡನೆಯದೂ ಬಂತು. ಒಬ್ಬ ಗಿರಾಕಿ ಬಂದು ಒಂದು ಮಧ್ಯಮ ಗಾತ್ರದ ಅಂಜಲ್ ತೋರಿಸಿದ. ಅಮ್ಮ ಅದನ್ನು ಅಲಗಿಗೆ ಕೊಟ್ಟಳು. ನಾನು ಎರಡು ಮಾರು ದೂರದಲ್ಲಿ ನಿಂತು ಹಿಡಿಯ ಹಲ್ಲುಗಳನ್ನು ನೋಡುತ್ತಿದ್ದೆ. ಹಲ್ಲುಗಳು ಮೀನನ್ನು ಬಿಡಲಿಲ್ಲ. ಹಲ್ಲಿನ ಅಂತರ ಸರಿಯಾಯಿತು ಎಂದು ಸಮಾಧಾನವಾಯಿತು.

"ಹ್ವಾಯ್, ಅದ್ ರಕ್ತ ಅಲ್ದಾ?" ಅಂದ ಗಿರಾಕಿ.

"ಮೀನಿಂದ್" ಅಂದಳು ಅಮ್ಮ, ಮತ್ತೆ ಒಂದು ತುಂಡು ಕೊಯ್ದಳು.

ಮೀನಿನದ್ದಾಗಿರಲಿಲ್ಲ. ಲೋಳೆ ಹಿಡಿಯ ಒಳಗೆ ಹೊಕ್ಕಿತ್ತು. ಪಟ್ಟಿಯ ಅಂಟುವ ಭಾಗದಲ್ಲಿ ಮೀನಿನ ಪೊರೆ ತುಂಬಿ ಅದು ಬಿಟ್ಟುಕೊಂಡಿತ್ತು. ಹಿಡಿ ಅಂಗೈಯಲ್ಲಿ ಹೊರಳಿ, ಕಿರುಬೆರಳಿನ ಬುಡ ಅಲಗಿನ ಮೇಲೆ ಬಂದಿತ್ತು. ಅವಳಿಗೆ ಗೊತ್ತಾಗಲಿಲ್ಲ. ಎರಡು ಸಲ ಕೊಯ್ದುಕೊಂಡಿದ್ದಳು. ಪಕ್ಕದ ಹೆಂಗಸು ಎದ್ದು ಬಂದು ಅವಳ ಕೈಯನ್ನು ಎಳೆದು ಮೇಲೆತ್ತಿ ಹಿಡಿದಾಗ ಅಮ್ಮ ತನ್ನ ಕೈಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನೋವಿನ ಮುಖ ಅಲ್ಲ ಅದು. ಏನೋ ಒಡೆದು ಹಾಕಿ ಸಿಕ್ಕಿಬಿದ್ದ ಮಕ್ಕಳ ಮುಖ ಹಾಗಿರುತ್ತದೆ.

ಕುಂದಾಪುರದ ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ. ನರ ತುಂಡಾಗಿದೆ, ಕೊನೆಯ ಎರಡು ಬೆರಳು ಇನ್ನು ಮಡಚಲಿಕ್ಕಿಲ್ಲ ಎಂದರು. ಹೊಲಿಯುವಾಗ ಅವಳು ಫ್ಯಾನು ನೋಡುತ್ತಾ ಮಲಗಿದ್ದಳು. ನಾನು ಹೊರಗಿನ ಬೆಂಚಿನಲ್ಲಿ ಕುಳಿತು, ಮಡಿಲ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿದ್ದ ಹಿಡಿಯನ್ನು ಇಟ್ಟುಕೊಂಡಿದ್ದೆ. ಅಳಬೇಕು ಎಂದುಕೊಂಡೆ. ಬರಲಿಲ್ಲ. ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಿಂದೆ, ಚಟ್ನಿ ಇನ್ನೊಮ್ಮೆ ಹಾಕಿಸಿಕೊಂಡೆ.

ದೀಪಾವಳಿಯ ಮರುದಿನ ಅಮ್ಮ ತಾನೇ ಪಕ್ಕದ ಹೆಂಗಸನ್ನು ಕರೆಸಿ, "ನಿನ್ ಸೊಸಿ ಕೂಕಣ್ಲಿ ಅಲ್ಲಿ" ಎಂದು ಕಟ್ಟೆಯ ಜಾಗ ಬಿಟ್ಟುಕೊಟ್ಟಳಂತೆ. ಅತ್ತಿಗೆ ಫೋನಿನಲ್ಲಿ ಹೇಳಿದಳು. ನಾನು ಹೂಂ ಅಂದೆ. ಆಗ ಒಂದು ತೇಲುಗುಂಡಿನ ಮಾದರಿಗೆ ಬಣ್ಣ ಹಚ್ಚುತ್ತಿದ್ದೆ, ಫೋನಿಟ್ಟು ಮತ್ತೆ ಹಚ್ಚಿದೆ. ಬಣ್ಣ ಚೆನ್ನಾಗಿಯೇ ಬಂತು. ಆ ದಿನಗಳಲ್ಲಿ ನನ್ನ ಕೆಲಸದಲ್ಲಿ ಒಂದು ತಪ್ಪೂ ಆಗಲಿಲ್ಲ. ಹೊತ್ತಿಗೆ ಸರಿಯಾಗಿ ತಿಂದೆ, ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು. ಸೋಮವಾರಗಳಲ್ಲಿ ಬಟ್ಟೆ ಒಗೆದೆ. ಊರಿಗೆ ಹೋಗಲಿಲ್ಲ. ಒಯ್ಯುವುದಕ್ಕೆ ಏನೂ ಇರಲಿಲ್ಲ, ಮುಖ ತೋರಿಸಲು ಮನಸ್ಸೂ ಇರಲಿಲ್ಲ. ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದರೆ ಊಟ ಆಯಿತಾ, ಆಯಿತು, ಕೈ ಹೇಗಿದೆ, ಇತ್ತ್ ಹಾಂಗೇ ಎನ್ನುವಲ್ಲಿಗೆ ಮುಗಿಯುತ್ತಿತ್ತು.

ಆರು ವಾರ ಹಾಗೆ ಕಳೆಯಿತು. ಒಂದು ದಿನ ಮೇಸ್ತ್ರಿ ಕಪಾಟಿನ ಮೇಲಿದ್ದ ಹಿಡಿಯನ್ನು ಇಳಿಸಿದರು. ನನ್ನನ್ನು ಏನೂ ಕೇಳದೆ ಊಟದ ಹೊತ್ತಿಗೆ ಹೊರಗೆ ಹೋಗಿ ಒಂದು ಬಂಗುಡೆ ತಂದರು. ಕತ್ತಿ ಏನೂ ಇಲ್ಲ, ಬರೀ ಹಿಡಿ ತೊಟ್ಟು ಆ ಬಂಗುಡೆಯನ್ನು ಮೇಜಿನ ಮೇಲೆ ನಾಲ್ಕು ಸಲ ಉಜ್ಜಿದರು. ಐದನೆಯ ಸಲಕ್ಕೆ ಹಿಡಿ ಅವರ ಅಂಗೈಯಲ್ಲಿ ತಿರುಗಿತು.

"ಒಂದ್ ಬಂಗ್ಡಿ ಸಾಕಿತ್ತಲೆ ಮಗಾ" ಅಂದರು. "ಮೀನ್ ಕೊಯ್ದ್ ಕಂಡಿಲ್ಯಾ?"

"ಸೋಮವಾರ ಅಲ್ದಾ" ಅಂದೆ.

ಅವರ ಮನೆಯಲ್ಲೂ ಸೋಮವಾರ ಮೀನಿಲ್ಲ. ಹಿಡಿಯನ್ನು ನಲ್ಲಿಯಲ್ಲಿ ಸೋಪು ಹಾಕಿ ತೊಳೆದು ಒರೆಸಿ ಮೊದಲಿದ್ದಲ್ಲೇ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ, ಬೆನ್ನು ತಿರುಗಿಸಿಕೊಂಡೇ ಒಂದು ಮಾತು ಹೇಳಿದರು. "ನಿಂಗ್ ಗೊತ್ತಾಯ್ಲಿಲ್ಲ, ಸರಿ. ನಲ್ವತ್ ವರ್ಷ ಮೀನ್ ಮುಟ್ಟಿದ್ ಕೈ ಅದ್. ನಿನ್ನಮ್ಮಂಗೆ ಗೊತ್ತಾಯ್ದೆ ಇಪ್ಪುಕಿತ್ತಾ?"

ಅದರ ಮುಂದಿನ ಸೋಮವಾರ ಬಸ್ಸು ಹತ್ತಿದೆ. ಹನ್ನೊಂದರ ಹೊತ್ತಿಗೆ ಮನೆ ಸೇರಿದಾಗ ಅಮ್ಮ ಜಗಲಿಯಲ್ಲಿದ್ದಳು. ನನ್ನ ಮುಖಕ್ಕಿಂತ ಮೊದಲು ನನ್ನ ಚೀಲ ನೋಡಿದಳು.

"ಎಂತ ತಂದಿದ್ದೆ ಇವತ್ತ್?"

"ಎಂತ ಇಲ್ಲ."

ಅವಳು ಸರಿದು ಜಾಗ ಮಾಡಿದಳು. ಬಲಗೈ ಮಡಿಲಲ್ಲಿತ್ತು, ಎರಡು ಬೆರಳು ನೆಟ್ಟಗೆ ನಿಂತಿದ್ದವು. ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ನಾನು ಪಕ್ಕದಲ್ಲಿ ಕೂತು ಕೇಳಿದೆ. ಸುತ್ತಿ ಬಳಸಿ ಕೇಳುವ ಶಕ್ತಿ ಇರಲಿಲ್ಲ.

"ಅದ್ ಜಾರತ್ತ್ ಅಂದೇಳಿ ನಿಂಗ್ ಯಾವತ್ ಗೊತ್ತಾಯ್ತ್ ಅಮ್ಮ?"

ಅವಳು ಅಂಗಳದ ಕಡೆ ನೋಡಿದಳು. "ಮರದ್ದ್ ತಂದಿಯಲೆ, ಅವತ್ತೇ. ಒಳ್ಗ್ ಅಷ್ಟ್ ನುಣ್ಪ್ ಇದ್ರೆ ಲೋಳಿಗೆ ನಿಲ್ಲತ್ತಾ?"

"ಮತ್ತ್ ಪೇಟೆಗೆ ಎಂತಕ್ ಬಂದೆ?"

"ನೀ ರಜೆ ಹಾಕಿದ್ದೆ. ಅಷ್ಟ್ ಜನ್ರ್ ಎದ್ರಿಗೆ ನನ್ ಮಗ್ಳ್ ಮಾಡಿದ್ದ್ ಸಮಾ ಇಲ್ಲ ಅಂಬುಕಾತ್ತಾ? ಎರ್ಡ್ ಮೀನ್ ಕೊಯ್ದ್ ಸುಸ್ತಾಯ್ತ್ ಅಂದೇಳಿ ಏಳುವ ಅಂದ್ಕಂಡಿದ್ದೆ. ಆ ಗಿರಾಕಿ ಬಂದ."

"ಪೇಟೆಯಲ್ಲ್ ಹೇಳುದ್ ಬೇಡ. ಮನೆಯಲ್ಲ್ ಹೇಳ್ಲಕ್ಕಿತ್ತಲೆ, ಅಷ್ಟ್ ಸೋಮವಾರ ಬಂದಿದ್ದೆ. ಎಂತಕ್ ಹೇಳ್ಲಿಲ್ಲ?"

ಅಮ್ಮ ಎಡಗೈಯಿಂದ ಸೀರೆಯ ಅಂಚು ಸರಿ ಮಾಡಿಕೊಂಡಳು. ದಿನದ ಮಾತು ಆಡುವ ಹಾಗೆಯೇ ಹೇಳಿದಳು.

"ಹೇಳ್ರೆ ನೀ ಸಮಾ ಮಾಡ್ತಿದ್ದೆ. ಸಮಾ ಆದ್ರೆ ಮತ್ತ್ ನಿಂಗ್ ಬಪ್ಪುಕೆ ಎಂತ ಇತ್ತ್?"

ಎಂಟು ಸೋಮವಾರ ಅವಳ ಎದುರು ಕುಳಿತು ಅಂಗೈ ಅಳೆದಿದ್ದೆ, ಬೆರಳು ಅಳೆದಿದ್ದೆ, ಅಲಗಿಗೂ ಮಣಿಕಟ್ಟಿಗೂ ನಡುವಿನ ದೂರ ಅಳೆದಿದ್ದೆ. ಪಟ್ಟಿ ಉದ್ದ ಆಯಿತು, ಬಣ್ಣ ಬೇರೆ ಆಗಬೇಕಿತ್ತು ಎಂದು ಅವಳು ಹೇಳಿದ್ದೆಲ್ಲವನ್ನೂ ನೋಟುಬುಕ್ಕಿನಲ್ಲಿ ತಾರೀಕು ಹಾಕಿ ಬರೆದುಕೊಂಡಿದ್ದೆ. ಎದೆಯಲ್ಲಿ ನೋವು ಶುರುವಾಯಿತು. ಅಷ್ಟು ದಿನಗಳಲ್ಲಿ ನನಗೆ ಏನಾದರೂ ಆದದ್ದು ಅದೇ ಮೊದಲು. ಅಲ್ಲೇ ಜಗಲಿಯಲ್ಲಿ ಅತ್ತುಬಿಟ್ಟೆ. ಅಮ್ಮ ನನ್ನ ಬೆನ್ನ ಮೇಲೆ ಬಲಗೈ ಇಟ್ಟಳು. ಕೈ ಸರಿಯಾಗಿ ಬೆನ್ನ ಮೇಲಿದೆಯೇ ಎಂದು ಒಮ್ಮೆ ಬಗ್ಗಿ ನೋಡಿಕೊಂಡಳು.

ಐದು ಗಂಟೆಯ ಬಸ್ಸಿಗೆ ಹೊರಡುವುದಿಲ್ಲವೇ ಎಂದು ಒಳಗಿನಿಂದ ಅತ್ತಿಗೆ ಕೇಳಿದಳು. ಇವತ್ತು ಹೋಗುವುದಿಲ್ಲ ಎಂದೆ. ಮರುದಿನವೂ ಹೋಗಲಿಲ್ಲ.